ಮೊದಲ ಪಂಕ್ತಿಗಾಗಿ ಗಾಲ್ಫ್

ಗಾಲ್ಫ್ ಎಂಬ ಆಟವನ್ನು ನಾನು ಜೀವಮಾನದಲ್ಲಿ ಕಣ್ಣಾರೆ ಕಂಡವಳಲ್ಲ. ಕಾರವಾರದಲ್ಲಿ ಅದನ್ನು ಆಡುವಷ್ಟು ಸಪಾಟು ಜಾಗವಾದರೂ ಎಲ್ಲಿದೆ? ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಉಳಿದದ್ದನ್ನು ಹೆದ್ದಾರಿ ನುಂಗಿದೆ. ಆದರೂ ಇವತ್ತು ಯಾರಾದರೂ ಮನೆಗೆ ಬಂದು, ನೂರು ಗಜ ದೂರದ ಕುಳಿಯ ಪಕ್ಕಕ್ಕೆ ಒಂದೇ ಏಟಿಗೆ ಚೆಂಡು ಹಾಕಿ ತೋರಿಸಿ ಎಂದರೆ, ಚಹಾದ ಲೋಟ ಕೆಳಗಿಟ್ಟು ಹಾಕಿ ತೋರಿಸುತ್ತೇನೆ. ಟಿವಿಯಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಐವತ್ತು ದಾಟಿದ ಹೆಂಗಸು ಇಂಥದನ್ನು ಜಂಬದಿಂದ ಬರೆದುಕೊಳ್ಳಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನಾನು ಜಂಬದಿಂದಲೇ ಬರೆಯುವವಳು.

ಆ ಆಟ ನಮ್ಮ ಮನೆಗೆ ಬಂದದ್ದು ಒಂದು ಕಪಾಟಿನ ಜೊತೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇವಿಯವರಿಗೆ ವರ್ಗವಾಯಿತು. ನೇವಿಯವರು ಹೊರಟರೆಂದರೆ ಓಣಿಗೆಲ್ಲ ಸಣ್ಣ ಸಂತೆ. ಕುರ್ಚಿ, ಮಂಚ, ಹೂಕುಂಡ, ಎಲ್ಲವೂ ಒಂದೊಂದು ಮನೆ ಸೇರುತ್ತವೆ. ನಾನು ಕಬ್ಬಿಣದ ಕಪಾಟು ನೋಡಲು ಹೋದೆ. ಅದನ್ನು ಹೊರಿಸಿಕೊಂಡು ಹೊರಡುವಾಗ ಆ ಮನೆಯಾಕೆ ಟಿವಿಗೆ ಜೋಡಿಸಿ ಆಡುವ ಒಂದು ಕರಿಯ ಪೆಟ್ಟಿಗೆ, ಎರಡು ರಿಮೋಟು, ಒಂದು ಡಿಸ್ಕು ತಂದು ಕಪಾಟಿನೊಳಗೇ ಇಟ್ಟಳು. ಮಕ್ಕಳು ದೊಡ್ಡವರಾದರು, ಇನ್ನು ಇದನ್ನು ಯಾರು ಆಡುತ್ತಾರೆ ಎಂದು ಹಿಂದಿಯಲ್ಲಿ ಹೇಳಿದಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಯಾರು ಆಡುತ್ತಾರೆ ಎಂದು ಅವಳು ಯೋಚಿಸಿರಲಿಕ್ಕಿಲ್ಲ. ನಾನೂ ಯೋಚಿಸಲಿಲ್ಲ. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ.

ಇನ್ನು ನಮ್ಮ ಟಿವಿಯ ಕಥೆ. ಕೋಡಿಬಾಗದ ಗಾಳಿಯಲ್ಲೇ ಉಪ್ಪಿದೆ. ಕಿಟಕಿಯ ಸರಳು, ಗೇಟಿನ ಕೊಂಡಿ, ಸೈಕಲ್ಲಿನ ಚೈನು, ಯಾವುದನ್ನೂ ಅದು ಬಿಟ್ಟದ್ದಿಲ್ಲ. ಆ ಪೆಟ್ಟಿಗೆ ಬರುವ ಮೊದಲೇ ನಮ್ಮ ಟಿವಿಯನ್ನು ಕೆಳಗಿನಿಂದ ತಿನ್ನಲು ಶುರುಮಾಡಿ, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ತೆರೆಯ ಬುಡದಲ್ಲಿ ಅರ್ಧ ಗೇಣು ಅಗಲದ ಪಟ್ಟಿಯೊಂದು ಪೂರ್ತಿ ಕಪ್ಪಾಯಿತು. ರಿಪೇರಿಯವನು ಬಂದು ನೋಡಿ, ಇದಕ್ಕೆ ಹಾಕುವ ದುಡ್ಡಿಗೆ ಹೊಸತೇ ಬರುತ್ತದೆ ಎಂದು ಚಹಾ ಕುಡಿದು ಹೋದ. ಬಂದರಿನಲ್ಲಿ ಕೆಲಸ ಮಾಡುವ ನನ್ನ ಗಂಡ ಟಿವಿಯಲ್ಲಿ ನೋಡುವುದು ವಾರ್ತೆಯೊಂದನ್ನೇ. ಕೆಳಗೆ ಓಡುವ ಸುದ್ದಿಯ ಸಾಲು ಕಾಣದೆ ಹೋದಮೇಲೆ ತನ್ನ ಬಿ.ಪಿ. ಇಳಿದಿದೆ ಎಂದು ಅವರು ಹೇಳಿಕೊಂಡು ತಿರುಗಿದರು. ಹಾಗಾಗಿ ಟಿವಿ ಹಾಗೆಯೇ ಉಳಿಯಿತು.

ಆಟ ಇಷ್ಟೇ. ತೆರೆಯ ಮೇಲೆ ಹುಲ್ಲುಗಾವಲು, ದೂರದಲ್ಲಿ ಒಂದು ಬಾವುಟ, ಬಾವುಟದ ಬುಡದಲ್ಲಿ ಕುಳಿ. ಟೋಪಿ ಹಾಕಿದ ಒಬ್ಬ ಮನುಷ್ಯ ಕೋಲು ಹಿಡಿದು ನಿಂತಿರುತ್ತಾನೆ. ಕುಳಿ ಎಷ್ಟು ದೂರವಿದೆ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಮೇಲಿನ ಮೂಲೆಯಲ್ಲಿ ಬರೆದಿರುತ್ತದೆ. ಗುಂಡಿ ಒತ್ತಿ ಹಿಡಿದರೆ ಅವನು ಕೋಲು ಎತ್ತುತ್ತಾನೆ, ಬಿಟ್ಟರೆ ಹೊಡೆಯುತ್ತಾನೆ. ಹೆಚ್ಚು ಹೊತ್ತು ಹಿಡಿದರೆ ಚೆಂಡು ಹೆಚ್ಚು ದೂರ. ಕಡಿಮೆ ಏಟಿನಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವರು ಗೆದ್ದರು.

ಎಷ್ಟು ಹೊತ್ತು ಹಿಡಿದರೆ ಎಷ್ಟು ದೂರ ಎನ್ನುವುದೇ ಇಡೀ ಆಟ. ಮೊದಮೊದಲು ನನ್ನ ಚೆಂಡುಗಳೆಲ್ಲ ಕೆರೆಗೆ ಹಾರವಾದವು. ಕೆರೆ ತಪ್ಪಿದರೆ ಮರಳು, ಮರಳು ತಪ್ಪಿದರೆ ಕಾಡು. ನನಗೆ ಪಿತ್ತ ನೆತ್ತಿಗೇರಿತು. ಯಃಕಶ್ಚಿತ್ ಒಂದು ಗುಂಡಿ ನನ್ನ ಮಾತು ಕೇಳುವುದಿಲ್ಲವೆಂದರೆ ಏನರ್ಥ? ಮೇಡಂ ಬುದ್ಧಿ ಉಪಯೋಗಿಸಿ ಮಾತ್ರೆ ಎಣಿಸಿ ನೋಡಿದೆ. ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸುವವಳಿಗೆ ಇದೇನು ಮಹಾ ಎಂದು, ಲಘುವಿಗೊಂದು ಗುರುವಿಗೆರಡು ಎಂದು ಬಾಯಲ್ಲಿ ಗುಣುಗುಣಿಸುತ್ತ ಗುಂಡಿ ಹಿಡಿದೆ. ಎಣಿಕೆ ಸರಿಯಾಗಿಯೇ ಇರುತ್ತಿತ್ತು, ಬೆರಳು ಮಾತ್ರ ತಡವಾಗುತ್ತಿತ್ತು. ಪಕ್ಕದ ಕೋಣೆಯಿಂದ ಗಂಡ, ಯಾವ ದೇವರ ಜಪ ನಡೆದಿದೆ ಎಂದು ಕೇಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಆಡುತ್ತ ಕುಳಿತಿದ್ದೆ. ಹಾಲು ಉಕ್ಕುವ ವಾಸನೆ ಬಂತು, ಲಕ್ಷ್ಯವೆಲ್ಲ ಅತ್ತ ಹೋಯಿತು, ಬೆರಳು ತನ್ನಷ್ಟಕ್ಕೆ ಗುಂಡಿ ಬಿಟ್ಟಿತು. ಒಲೆ ಆರಿಸಿ ಬಂದು ನೋಡಿದರೆ ಚೆಂಡು ಕುಳಿಯ ಪಕ್ಕ ಮೊಲದಮರಿ ಕೂತ ಹಾಗೆ ಕೂತಿತ್ತು. ಅಂದೇ ನನಗೆ ತಿಳಿದದ್ದು. ಬಾವಿಗೆ ಕೊಡ ಇಳಿಸುವಾಗ ಹಗ್ಗದ ಮೊಳ ಎಣಿಸುವವರು ಯಾರೂ ಇಲ್ಲ. ಇನ್ನೇನು ನೀರು ತಾಗಿತು ಎನ್ನುವುದು ಅಂಗೈಗೆ ಮೊದಲೇ ಗೊತ್ತಾಗುತ್ತದೆ. ಎಣಿಕೆ ಬಿಟ್ಟೆ. ಟೋಪಿಯವನ ಹೆಗಲು ಏರುವುದನ್ನು ಸುಮ್ಮನೆ ನೋಡುತ್ತ, ಅವನ ಹೆಗಲು ನನ್ನ ಹೆಗಲೆಂದುಕೊಂಡು, ಹೆಬ್ಬೆರಳನ್ನು ಅದರ ಪಾಡಿಗೆ ಬಿಟ್ಟೆ. ಮುಂದಿನ ಮಳೆಗಾಲದ ಹೊತ್ತಿಗೆ ದೂರ ಎಷ್ಟೆಂದು ಮೇಲಿನ ಮೂಲೆಯಲ್ಲಿ ಓದಿದ್ದೇ ಹೆಬ್ಬೆರಳಿನ ಬುಡದಲ್ಲಿ ಒಂದು ತೂಕ ಬಂದು ಕೂರುತ್ತಿತ್ತು. ಆ ತೂಕ ಇಳಿದಾಗ ಬಿಡುವುದು, ಅಷ್ಟೇ ಕೆಲಸ.

ಚೌತಿಗೆ ತವರಿಗೆ ಹೊರಟಾಗ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿಕೊಂಡೆ. ನನ್ನ ತವರು ಅಂಕೋಲೆಯ ಹತ್ತಿರ. ಅಲ್ಲಿ ಅಣ್ಣ, ಅತ್ತಿಗೆ, ನಾವು ಆಯಿ ಎಂದು ಕರೆಯುವ ನಮ್ಮ ಅಮ್ಮ ಇದ್ದಾರೆ. ಅಪ್ಪ ತೀರಿಕೊಂಡು ಹಲವು ವರ್ಷವಾಯಿತು. ಅಣ್ಣ ಹುಬ್ಬಳ್ಳಿ ರೂಟಿನಲ್ಲಿ ಬಸ್ ಓಡಿಸುತ್ತಾನೆ. ಗೋಡೆಯ ಅರ್ಧ ತುಂಬುವ ಹೊಸ ಟಿವಿ ತಂದಿದ್ದೇನೆ, ನಿನ್ನ ಹರಕು ಟಿವಿಯ ಗಾಲ್ಫು ಅದರಲ್ಲಿ ನೋಡೋಣ ಎಂದು ಫೋನಿನಲ್ಲಿ ಕೆಣಕಿದ್ದ.

ನಮ್ಮ ಕಡೆಯ ಚೌತಿ ಹೇಗೆಂದು ಹೇಳಬೇಕು. ಶ್ರಾವಣವಿಡೀ ಮೀನಿಲ್ಲ. ಗಣಪತಿಯನ್ನು ಕೂರಿಸಿದಮೇಲಂತೂ ಕೇಳುವುದೇ ಬೇಡ. ಎರಡನೆಯ ದಿನ ಸಂಜೆ ಗಣಪತಿಯನ್ನು ನೀರಿಗೆ ಬಿಟ್ಟು ಬಂದರೆ, ಮರುದಿನ ಬೆಳಿಗ್ಗೆ ಊರಿಗೆ ಊರೇ ಮೀನುಪೇಟೆಯಲ್ಲಿ. ಆ ದಿನದ ಮೀನಿನೂಟದ ಮುಂದೆ ಚೌತಿಯ ಕಡುಬು ಕಜ್ಜಾಯ ಯಾವ ಲೆಕ್ಕ! ಆದರೆ ಆ ಊಟಕ್ಕೂ ಒಂದು ಪದ್ಧತಿ ಇದೆ. ಎರಡು ದಿನ ಒಲೆಯ ಮುಂದೆ ಬೆಂದ ಹೆಂಗಸರೇ ಹಿತ್ತಲಲ್ಲಿ ಕೂತು ಬುಟ್ಟಿ ಮೀನು ಕೊಯ್ಯಬೇಕು, ಮಸಾಲೆ ಅರೆಯಬೇಕು, ಸುಡುಸುಡು ಹುರಿದು ಬಡಿಸಬೇಕು. ಮೊದಲ ಪಂಕ್ತಿ ಗಂಡಸರದು. ನಾವು ಕೂರುವ ಹೊತ್ತಿಗೆ ಹುರಿದದ್ದು ತಣ್ಣಗಾಗಿ, ಸಾರಿನಲ್ಲಿ ರಸವಷ್ಟೇ ಉಳಿದಿರುತ್ತದೆ.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ನನಗಾಗಿ ಅಲ್ಲ. ಕಾರವಾರದ ನಮ್ಮ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಕೂತು ಉಣ್ಣುತ್ತೇವೆ. ಆದರೆ ಆಯಿ? ಕಂಡವರ ಗದ್ದೆಯಲ್ಲಿ ನೆಟ್ಟಿ ಮಾಡಿ ನಮ್ಮನ್ನು ಸಾಕಿದವಳು, ಈಗ ಮೊಣಕಾಲು ಹಿಡಿದುಕೊಂಡು ಏಳುವವಳು, ಆ ದಿನದ ಮೊದಲ ಪಂಕ್ತಿಯಲ್ಲಿ ಜನ್ಮದಲ್ಲಿ ಕೂತಿರಲಿಲ್ಲ. ಪ್ರತಿ ವರ್ಷವೂ ನಾನು ರಟ್ಟೆ ಹಿಡಿದು ಕೂರಿಸಲು ನೋಡುತ್ತಿದ್ದೆ. ಗಂಡಸರದ್ದು ಆಗಲಿ ಎಂದು ಕೈ ಕೊಡವಿಕೊಂಡು ಒಲೆಯ ಮುಂದೆಯೇ ಹೋಗಿ ನಿಲ್ಲುತ್ತಿದ್ದಳು. ಅಣ್ಣನೂ ಬೇಡ ಅಂದವನಲ್ಲ, ಕೂತ್ಕ ಅಂದವನೂ ಅಲ್ಲ. ಅದು ಅವನ ಕಣ್ಣಿಗೆ ಬಿದ್ದದ್ದೇ ಇಲ್ಲ.

ಚೌತಿಯ ದಿನ ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಹೊರಗೆ ಅಣ್ಣ ಮತ್ತು ನನ್ನ ಗಂಡ ಪೆಟ್ಟಿಗೆ ಜೋಡಿಸಿ ಆಡುತ್ತಿದ್ದರು. ಚೆಂಡಿಗೆ ಕೋಲು ತಾಗುವ ಸದ್ದು ಕೇಳಿದರೇ ನನಗೆ ಅದು ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತಿತ್ತು. ಕಡಿಮೆಯಾಯಿತು, ಮರಳಿಗೆ ಹೋಯಿತು, ಇದು ನೀರಿಗೆ ಎಂದು ಒಳಗಿನಿಂದಲೇ ಕೂಗಿ ಹೇಳುತ್ತಿದ್ದೆ. ಅಣ್ಣನಿಗೆ ರೇಗಿಹೋಯಿತು.

"ಒಳಗೆ ಕೂತು ಬಾಯಿ ಮಾಡ್ಬೇಡ್ವೇ," ಎಂದ. "ಗಣಪತಿ ಬಿಟ್ಟ ಮರುದಿನ ಬೆಳಿಗ್ಗೆ ಬಾ. ನೀ ಗೆದ್ರೆ ಮೀನು ಕೊಯ್ಯೂದು, ಮಾಡೂದು, ಬಡಿಸೂದು ಎಲ್ಲಾ ನಾನು, ಭಾವ. ನೀವು ಹೆಂಗಸ್ರು ಮೊದ್ಲ ಪಂಕ್ತಿಗೆ ಕೂತ್ಕಳಿ. ಸೋತ್ರೆ ಈ ಪೆಟ್ಗೆ ಇಲ್ಲೇ ಬಿಟ್ಟು ಹೋಗೂದು."

ತುರಿಯುವುದನ್ನು ನಿಲ್ಲಿಸಿದೆ. ಮೊದಲ ಪಂಕ್ತಿಗೆ ಆಯಿಯೂ ಸೇರಿದಳೋ ಎಂದು ಕೇಳಿದೆ. ಸೇರಿದಳು ಎಂದ ಅವನು, ನಗುತ್ತಲೇ.

ಅವನು ನಗೆಗೆ ಹೇಳಿದ್ದನ್ನು ಆಯಿ ನಗೆಗೆ ಕೇಳಿಸಿಕೊಳ್ಳಲಿಲ್ಲ. ಆಟದ ಮಾತೆಂದರೆ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಚಿಕ್ಕಂದಿನಲ್ಲಿ ಗೋಲಿ ಸೋತು ತಕರಾರು ತೆಗೆದವರಿಗೆ ಆಯಿಯ ಕೈಯಿಂದ ಬೀಳುತ್ತಿತ್ತು. ಸೋತವ ಕೊಟ್ಟೇ ಕೊಡಬೇಕು, ಗೆದ್ದವ ತೆಗೆದುಕೊಳ್ಳಲೇ ಬೇಕು. ನನ್ನ ಇಷ್ಟು ವರ್ಷದ ಭಾಷಣಕ್ಕೆ ಬಗ್ಗದವಳು ಪಂಥಕ್ಕೆ ಬಗ್ಗಿಯಾಳು ಎಂದು ನನಗೆ ಹೊಳೆದದ್ದು ಆಗಲೇ. ಆಯಿ ಕಡುಬಿನ ಹಿಟ್ಟು ನಾದುತ್ತ, ತಲೆಯೆತ್ತದೆ, "ಆಡಿದ ಮಾತು ಮತ್ತೆ ತಪ್ಪೂದಲ್ಲ," ಎಂದಳು.

ಗಣಪತಿ ನೀರಿಗೆ ಹೋದ ಮರುದಿನ ಬೆಳಿಗ್ಗೆ, ದೋಸೆ ತಿಂದು ಕೈ ತೊಳೆದು, ಹೊಸ ಟಿವಿಯ ಮುಂದೆ ಕೂತೆ. ಒಂಬತ್ತು ಕುಳಿಗಳ ಆಟ. ನನಗೆ ಯಾವ ಅಳುಕೂ ಇರಲಿಲ್ಲ. ಗುಂಡಿ ಒತ್ತಿದೆ. ಒತ್ತಿದ್ದೇ ತಡ, ತೆರೆಯ ಬುಡದಲ್ಲಿ ಒಂದು ಉದ್ದನೆಯ ಪಟ್ಟಿ ಹಸಿರಾಗಿ ಹೊತ್ತಿಕೊಂಡು, ಹಳದಿಯಾಗಿ, ಕೆಂಪಾಗಿ ಸರಸರ ತುಂಬತೊಡಗಿತು. ನಾನು ದಂಗಾಗಿ ಬೆರಳು ಬಿಡುವುದನ್ನೇ ಮರೆತೆ. ಚೆಂಡು ಕುಳಿಯನ್ನೂ ಬಾವುಟವನ್ನೂ ದಾಟಿ ಕಾಡಿಗೆ ಹೋಯಿತು.

ಇದೆಂಥದ್ದು ಎಂದು ಕೇಳಿದೆ. ಅಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. ಅಳತೆಯ ಪಟ್ಟಿ, ಅದನ್ನು ನೋಡಿಯೇ ಅಲ್ಲವೇ ಹೊಡೆಯುವುದು, ನಿನಗೆ ಗೊತ್ತಿಲ್ಲವೇ ಎಂದ. ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷ ಆ ಆಟ ಆಡಿದವಳಿಗೆ ಅಂಥದೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ನಮ್ಮ ಟಿವಿಯಲ್ಲಿ ಸತ್ತುಹೋದದ್ದು ಸರಿಯಾಗಿ ಆ ಜಾಗವೇ. ಜಗತ್ತಿನಲ್ಲಿ ಎಲ್ಲರೂ ನನ್ನ ಹಾಗೆ ಅಂದಾಜಿನಲ್ಲೇ ಆಡುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ನನ್ನ ಗಂಡನ ನಗು ಮಾತ್ರ ನಿಲ್ಲಲೇ ಇಲ್ಲ.

ಪಟ್ಟಿ ಕಂಡರೆ ಆಟ ಇನ್ನೂ ಸಲೀಸಾಗಬೇಕಲ್ಲವೇ ಎಂದು ನಾನೂ ಅಂದುಕೊಂಡೆ. ಆದದ್ದು ತದ್ವಿರುದ್ಧ. ಟೋಪಿಯವನ ಹೆಗಲು ನೋಡಬೇಕಾದ ಕಣ್ಣು ಪಟ್ಟಿಯ ಬೆನ್ನು ಹತ್ತಿತು. ಕಣ್ಣು ಹೇಳಿದಮೇಲೆ ಬೆರಳು ಬಿಡುವುದೆಂದರೆ ತಡವಾಯಿತೆಂದೇ ಅರ್ಥ. ಒಂದು ನೀರಿಗೆ, ಒಂದು ಮರಳಿಗೆ. ಕುಳಿಯ ಬಾಯಲ್ಲಿದ್ದ ಚೆಂಡನ್ನು ಮೆಲ್ಲಗೆ ತಳ್ಳಬೇಕಾದಲ್ಲಿ ಅದನ್ನು ಕುಳಿಯ ಸುತ್ತಲಿನ ಹುಲ್ಲಿನ ಅಂಗಳದಾಚೆ ಕಳಿಸಿದೆ. ಅತ್ತ ಅಣ್ಣ ಘಟ್ಟದಲ್ಲಿ ಬಸ್ ಇಳಿಸುವವನ ಸಮಾಧಾನದಲ್ಲಿ, ಪಟ್ಟಿ ನೋಡಿ ನೋಡಿ ಹದವಾಗಿ ಹೊಡೆಯುತ್ತಿದ್ದ. ಎರಡು ದಿನದಲ್ಲಿ ಚೆನ್ನಾಗಿ ಪಳಗಿದ್ದ. ಮೂರು ಕುಳಿ ಮುಗಿಯುವಾಗ ನಾನು ಐದು ಏಟು ಹಿಂದೆ. ಅತ್ತಿಗೆಯ ಮುಖ ಸಪ್ಪಗಾಯಿತು. ಆಯಿ ಎದ್ದು, ಕತ್ತಿಗೆ ಬಾಯಿ ಇದೆಯೋ ಇಲ್ಲವೋ ನೋಡುತ್ತೇನೆಂದು ಹಿತ್ತಲಿಗೆ ಹೊರಟಳು. ಮೀನು ಕೊಯ್ಯುವ ಕತ್ತಿ.

ಅವಳು ಮೊಣಕಾಲಿಗೆ ಕೈಕೊಟ್ಟು ಏಳುವುದನ್ನು ನೋಡಿ ನನಗೆ ಸಿಟ್ಟು ಬಂತು. ಅಣ್ಣನ ಮೇಲಲ್ಲ, ಆ ಪಟ್ಟಿಯ ಮೇಲೆ. ಎದ್ದವಳೇ, ಗಣಪತಿ ಹೊರುವಾಗ ಅಣ್ಣ ತಲೆಗೆ ಸುತ್ತಿಕೊಂಡಿದ್ದ ಟವೆಲನ್ನು ಹಗ್ಗದ ಮೇಲಿಂದ ಎಳೆದು ತಂದು ಅತ್ತಿಗೆಯ ಕೈಗೆ ಕೊಟ್ಟು, ಟಿವಿಯ ಬುಡ ಮುಚ್ಚಿ ಹಿಡಿ ಎಂದೆ.

"ಕಣ್ಣು ಕಟ್ಕಂಡು ಆಡ್ತ್ಯನೇ?" ಎಂದು ಅಣ್ಣ ಕೇಳಿದ.

"ಹೌದು. ನಿನ್ನ ಸರದಿಗೆ ತೆಗ್ದು ಕೊಡ್ತೆ."

ಅವನಿಗೆ ಅದರಲ್ಲಿ ತಕರಾರು ಕಾಣಲಿಲ್ಲ. ಕುಂಟನೊಬ್ಬ ಊರುಗೋಲು ಬೇಡ ಅಂದರೆ ಎದುರಾಳಿಗೇನು ಕಷ್ಟ? ಅತ್ತಿಗೆ ಟಿವಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಟವೆಲಿನ ಎರಡು ಚುಂಗು ಹಿಡಿದಳು. ನನ್ನ ಸರದಿಗೆ ಎತ್ತುವಳು, ಗಂಡನ ಸರದಿಗೆ ಇಳಿಸುವಳು, ಯಕ್ಷಗಾನದಲ್ಲಿ ತೆರೆ ಹಿಡಿದವರ ಹಾಗೆ. ತವರೂರು ಹಿಲ್ಲೂರಿನಿಂದ ಈ ಮನೆಗೆ ಸೊಸೆಯಾಗಿ ಬಂದಮೇಲೆ ಅವಳು ಗಂಡನೆದುರು ಇಷ್ಟು ಉತ್ಸಾಹದಿಂದ ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿಲ್ಲ.

ಟವೆಲು ಮೇಲೆದ್ದಿತು, ನನ್ನ ಕಾರವಾರದ ಟಿವಿ ನನಗೆ ಮರಳಿ ಬಂತು. ಮೂಲೆಯಲ್ಲಿ ದೂರ ಓದಿದೆ. ಹೆಬ್ಬೆರಳಿನ ಬುಡಕ್ಕೆ ತೂಕ ಬಂದು ಕೂತಿತು. ಹೆಗಲು ಏರಿತು, ತೂಕ ಇಳಿಯಿತು, ಬಿಟ್ಟೆ. ಚೆಂಡು ಗಾಳಿಯಲ್ಲಿ ಬಾಗಿ ಬಂದು ಬಾವುಟದ ಬುಡದಲ್ಲಿ ಕುಪ್ಪಳಿಸಿ ನಿಂತಿತು. ಮುಂದಿನ ಕುಳಿಯಲ್ಲೂ ಹಾಗೆಯೇ. ಅದರ ಮುಂದಿನದರಲ್ಲಿ ಎರಡನೆಯ ಏಟಿಗೇ ಕುಳಿಗೆ ಬಿತ್ತು. ಅಣ್ಣನ ನಗು ಕಡಿಮೆಯಾಗುತ್ತ ಬಂತು. ಪಟ್ಟಿಯನ್ನು ಮೊದಲಿಗಿಂತ ಹೆಚ್ಚು ಜಾಗ್ರತೆಯಿಂದ ನೋಡಲು ಹೋಗಿ ಅವನ ಏಟುಗಳು ಹಿಂದೆ ಹಿಂದೆಯೇ ಬೀಳತೊಡಗಿದವು. ಕೊನೆಯ ಕುಳಿಗೆ ಬರುವಾಗ ಇಬ್ಬರೂ ಸರಿಸಮ. ನನ್ನ ಗಂಡನಿಗೆ ಧರ್ಮಸಂಕಟ. ಹೆಂಡತಿ ಗೆದ್ದರೆ ಬಂಗಡೆ ಕೊಯ್ಯಬೇಕು, ಸೋತರೆ ಬಸ್ಸಿನಲ್ಲಿ ಕಾರವಾರದವರೆಗೂ ಅವಳ ಮುಖ ನೋಡಬೇಕು. ಅವರು ಎದ್ದು ಬಾಗಿಲ ಬಳಿ ನಿಂತರು.

ಅಷ್ಟರಲ್ಲಿ ಆಯಿ ಹಿತ್ತಲಿನಿಂದ ಒಳಗೆ ಬಂದು, ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು.

ಅಣ್ಣ ಚೆಂಡನ್ನು ಕುಳಿಯ ಹತ್ತಿರಕ್ಕೆ ತಂದ. ಕೈಯಳತೆಯ ದೂರ. ಪಟ್ಟಿಯನ್ನೇ ದುರುಗುಟ್ಟಿ ನೋಡಿ ಬಿಟ್ಟ. ಚೆಂಡು ಕುಳಿಯ ತುಟಿಗೆ ಬಂದು ನಿಂತಿತು. ಇನ್ನೊಂದು ಏಟು ಅವನಿಗೆ ಹೆಚ್ಚಾಯಿತು. ನನ್ನ ಚೆಂಡು ಅಂಗಳದ ಆ ತುದಿಯಲ್ಲಿತ್ತು. ಉದ್ದನೆಯ ಏರು, ಏರು ಮುಗಿದಮೇಲೆ ಸಣ್ಣ ಇಳಿಜಾರು, ಅದರ ಬುಡದಲ್ಲಿ ಕುಳಿ. ಒಂದೇ ಏಟಿಗೆ ಬಿದ್ದರೆ ಗೆಲುವು. ತಪ್ಪಿದರೆ ಸರಿಸಮ, ಸರಿಸಮವಾದರೆ ಪಂಥವೇ ಇಲ್ಲ, ಮೀನು ಕೊಯ್ಯುವುದು ಎಂದಿನಂತೆ ನಿಮ್ಮ ಪಾಲಿಗೆ ಎಂದು ಅಣ್ಣ ಸಾರಿದ. ಅತ್ತಿಗೆ ಟವೆಲು ಎತ್ತಿ ಹಿಡಿದಳು.

ನಾನು ಅವಸರ ಮಾಡಲಿಲ್ಲ. ಇದನ್ನು ಬರೆಯಲು ನನಗೆ ಈಗಲೂ ಖುಷಿಯಾಗುತ್ತದೆ. ಗುಂಡಿ ಒತ್ತಿ, ಟೋಪಿಯವನ ತೋಳು ಹಿಂದೆ ಸರಿಯುವುದನ್ನು ನೋಡಿದೆ. ಸಾಕು ಎಂದು ಬುದ್ಧಿ ಹೇಳಿತು. ಹೆಬ್ಬೆರಳು ಇನ್ನೂ ಹಿಡಿದುಕೊಂಡೇ ಇತ್ತು. ನಾನು ಹೆಬ್ಬೆರಳಿನ ಮಾತು ಕೇಳಿದೆ. ಒಂದು ಕೂದಲೆಳೆ ತಡೆದು ಅದು ಬಿಟ್ಟಿತು. ಚೆಂಡು ಏರು ಹತ್ತಿತು, ನೆತ್ತಿಯಲ್ಲಿ ನಿಂತೇ ಬಿಟ್ಟಿತು ಎನ್ನುವಷ್ಟು ನಿಧಾನವಾಯಿತು, ಆಮೇಲೆ ಮೆಲ್ಲಗೆ ಹೊರಳಿ, ಇಳಿಜಾರಿನಲ್ಲಿ ತನ್ನಷ್ಟಕ್ಕೆ ಉರುಳಿ ಕುಳಿಗೆ ಬಿತ್ತು. ಅತ್ತಿಗೆ ಟವೆಲನ್ನು ಮೇಲಕ್ಕೆ ಎಸೆದಳು. ನಾನು ಏನೆಂದು ಕೂಗಿದೆನೋ ಗೊತ್ತಿಲ್ಲ, ಪಕ್ಕದ ಮನೆಯವರು ಬೇಲಿಯ ಬಳಿ ಬಂದು ಏನಾಯಿತೆಂದು ಕೇಳಿದರಂತೆ.

ಗೆದ್ದದ್ದು ಯಾರು ಎಂದು ಆಯಿ ಕೇಳಿದಳು. ಅಣ್ಣನೇ ಹೇಳಿದ, ತಂಗಿ ಎಂದು. ಆಯಿ ಅವನನ್ನೊಮ್ಮೆ ನೋಡಿ, "ಹಂಗಾರೆ ಪ್ಯಾಟಿಗೆ ಹೋಗು. ಹೊತ್ತಾದ್ರೆ ಒಳ್ಳೆ ಮೀನು ಸಿಗೂದಿಲ್ಲ," ಎಂದಳು.

ಅಣ್ಣನ ಒಂದು ಗುಣವನ್ನು ಹೇಳಲೇಬೇಕು, ಸೋತಮೇಲೆ ಮುಖ ಗಂಟುಹಾಕಲಿಲ್ಲ. ಬಂಗಡೆ, ಶೆಟ್ಲಿ ಎಂದರೆ ಸಿಗಡಿ, ಎರಡೂ ತಂದ. ಹಿತ್ತಲಲ್ಲಿ ಭಾವ ಭಾವ ಎದುರುಬದುರು ಕೂತು ಕೊಯ್ಯತೊಡಗಿದಾಗ ಊರಿನ ಕಾಗೆ, ಬೆಕ್ಕು ಎಲ್ಲ ಬಂದು ಸಾಲುಗಟ್ಟಿದವು. ಅರ್ಧ ಮೀನು ಚಿಂದಿಯಾಯಿತು. ಮಸಾಲೆಗೆ ಎಷ್ಟು ಮೆಣಸು, ಯಾವಾಗ ಹುಳಿ ಎಂದು ಅವರು ಕೂಗಿ ಕೇಳುವುದು, ಆಯಿ ಏಳಲು ಹೋಗುವುದು, ಅತ್ತಿಗೆ ಅವಳ ಸೆರಗು ಹಿಡಿದು ಕೂರಿಸುವುದು. ಪಂಥ ಪಂಥ ಎಂದು ನಾನು ನೆನಪಿಸಿದಾಗಲೆಲ್ಲ ಆಯಿ ಮತ್ತೆ ಕೂರುತ್ತಿದ್ದಳು. ಊಟಕ್ಕೆ ತುಂಬ ತಡವಾಯಿತು, ಮನೆಯೆಲ್ಲ ಹೊಗೆಯಾಯಿತು, ನನಗಂತೂ ಆ ಹೊಗೆಯೂ ಪರಿಮಳವೇ ಅನಿಸಿತು.

ಮೊದಲ ಪಂಕ್ತಿಗೆ ನಾವು ಮೂವರು. ನಡುವೆ ಆಯಿ. ಅಣ್ಣ ಕುಚ್ಚಲಕ್ಕಿ ಅನ್ನ ಬಡಿಸಿ, ಸಾರು ಹೊಯ್ದು, ಕಾವಲಿಯಿಂದ ಇಳಿಸಿದ ಬಂಗಡೆಯನ್ನು ಅವಳ ತಟ್ಟೆಗೆ ಹಾಕಿದ. ಅದರಿಂದ ಹಬೆ ಏಳುತ್ತಿತ್ತು. ಆಯಿ ಸ್ವಲ್ಪ ಹೊತ್ತು ಕೈ ಹಚ್ಚಲಿಲ್ಲ. ಆಮೇಲೆ ತುದಿ ಮುರಿದು ಬಾಯಿಗಿಟ್ಟು, ಬಿಸಿಗೆ ಉಸಿರು ಒಳಗೆ ಎಳೆದುಕೊಂಡಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಇನ್ನೊಂದು ಮೀನು ಹಾಕಿಸಿಕೊಂಡಳು. ನಾನು ನನ್ನ ತಟ್ಟೆ ಬಿಟ್ಟು ಅವಳ ತಟ್ಟೆಯನ್ನೇ ನೋಡುತ್ತ ಕೂತೆ.

ಅಪ್ಪ ಬದುಕಿರುವಷ್ಟು ದಿನ ಊಟವಾದಮೇಲೆ ಎದ್ದು ಬಚ್ಚಲಿಗೆ ಹೋದವನಲ್ಲ. ಕೂತಲ್ಲೇ ತಟ್ಟೆಯ ಮೇಲೆ ಕೈ ಚಾಚುತ್ತಿದ್ದ, ಆಯಿ ತಂಬಿಗೆ ತಂದು ನೀರು ಹೊಯ್ಯುತ್ತಿದ್ದಳು, ಆ ತಟ್ಟೆಯನ್ನೂ ಅವಳೇ ಎತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಯಾವ ಹೆಂಗಸೂ ಹಾಗೆ ಕೈ ತೊಳೆದದ್ದನ್ನು ನಾನು ಕಂಡಿಲ್ಲ. ಅಂದು ಊಟ ಮುಗಿದು ಅತ್ತಿಗೆಯೂ ನಾನೂ ಎದ್ದೆವು. ಆಯಿ ಏಳಲಿಲ್ಲ. ಮೊಣಕಾಲು ನೋವೇನೋ ಎಂದು ನಾನು ಕೈಕೊಡಲು ಬಗ್ಗಿದೆ. ಅವಳು ನನ್ನ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಎಂಜಲು ಕೈಯನ್ನು ತಟ್ಟೆಯ ಮೇಲೆ ಚಾಚಿ, ಅಣ್ಣನಿಗೆ ಹೇಳಿದಳು: "ನೀರು ಹೊಯ್ಯೋ."

ಅಣ್ಣ ತಂಬಿಗೆ ತಂದು ಹೊಯ್ದ. ಆಯಿ ನಿಧಾನವಾಗಿ ಒಂದೊಂದೇ ಬೆರಳು ತೊಳೆದುಕೊಂಡಳು. ಅವನು ಬಗ್ಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದ.